ಒಂದೇ ಚಿತ್ರದ ಸಾಲು

ಆರ್.ಟಿ. ನಗರದ ಬಸ್ ಸ್ಟಾಪಿನಲ್ಲಿ ಕೂತು ಚಿತ್ರ ಬರೆಯುತ್ತಿದ್ದೆ. ಬೆಳಿಗ್ಗೆ ಎದ್ದವಳೇ 'ಚಿತ್ರ ಬರೆಯೋಕೆ ಇವತ್ತು ಯಾರ್ಯಾರು ಬರ್ತೀರಾ' ಎಂದು ಗೆಳೆಯರ ಗುಂಪಿಗೆ ಮೆಸೇಜು ಹಾಕಿದ್ದೆ. ಮೊಬೈಲಿಗೆ ಹೆಬ್ಬೆರಳಿನ ಇಮೋಜಿಗಳು ಬಂದವು, ಜನ ಬರಲಿಲ್ಲ. ಮೊದಲೆಲ್ಲ ಹೀಗೆ ದಿಢೀರನೆ ಹೊರಟರೆ ದಾರಿಯಲ್ಲಿ ಸಿಕ್ಕವರೂ ಸೇರಿಕೊಳ್ಳುತ್ತಿದ್ದರು. ಕೊನೆಗೆ ಎಲ್ಲರ ಚಿತ್ರಗಳನ್ನೂ ಸಾಲಾಗಿ ನೆಲಕ್ಕಿಟ್ಟು, ಸುತ್ತ ನಿಂತು ನೋಡುವುದು ನಮ್ಮ ರೂಢಿ.

ಎದುರಿನ ಹೂವಿನಂಗಡಿಯನ್ನು ಬರೆದು ಮುಗಿಸಿದೆ. ರೂಢಿ ಬಿಡಲಾಗದೆ ಆ ಒಂದೇ ಚಿತ್ರವನ್ನು ಕಲ್ಲುಬೆಂಚಿನ ಮೇಲಿಟ್ಟು, ಎದ್ದು ನಿಂತು ನೋಡಿದೆ.

ಬಸ್ಸಿಗೆ ಕಾಯುತ್ತಿದ್ದ ಬುರ್ಖಾ ತೊಟ್ಟ ಹೆಂಗಸೊಬ್ಬರು, "ಯಾಕ್ ಮೇಡಂ ಅಲ್ಲಿಟ್ರಿ?" ಎಂದರು. ನಮ್ಮ ರೂಢಿಯನ್ನು ಹೇಳಿದೆ.

"ಬೇರೆಯವ್ರದ್ದು ಎಲ್ಲಿ?"

"ಯಾರೂ ಬರ್ಲಿಲ್ಲ."

ಅವರು ಚೀಲದಿಂದ ಒಂದು ರವಿಕೆ ತೆಗೆದರು. ತೋಳಿನ ಮೇಲೆ ಜರಿದಾರದ ನವಿಲು, ಗರಿ ಇನ್ನೂ ಅರ್ಧ.

"ಕಸ್ಟಮರ್‌ದು. ಕಸೂತಿ ನಾನೇ ಹಾಕ್ತಿರೋದು. ಇಡ್ಲಾ?"

ನನ್ನ ಚಿತ್ರದ ಪಕ್ಕ ಹಾಸಿ, ಅವರೂ ನನ್ನ ಜೊತೆ ನಿಂತು ನೋಡಿದರು.

"ನಿಮ್ ಹೂವಿಗೆ ಬಣ್ಣ ಕಮ್ಮಿ ಆಯ್ತು," ಎಂದರು.

ನಿಜ, ಕಮ್ಮಿಯೇ ಆಗಿತ್ತು. ಹಾಗೆ ಹೇಳುವವರು ಸಿಕ್ಕಿ ಬಹಳ ದಿನವಾಗಿತ್ತು. "ನವಿಲಿನ ಕಣ್ಣು ಚೆನ್ನಾಗಿದೆ," ಎಂದೆ.

ಶಿವಾಜಿನಗರದ ಬಸ್ಸು ಬಂತು. ರವಿಕೆಯನ್ನು ಮಡಚಿಕೊಂಡು ಅವರು ಹತ್ತಿದರು. ನಾನು ಮತ್ತೆ ಕೂತೆ. ಚಿತ್ರವನ್ನು ಎತ್ತಿಕೊಳ್ಳಲಿಲ್ಲ, ಪಕ್ಕದ ಜಾಗ ಹಾಗೇ ಖಾಲಿ ಇತ್ತು.

ಕೈತುಂಬ ತರಕಾರಿ ಹಿಡಿದು ಬಂದ ಹಿರಿಯರೊಬ್ಬರು ಆ ಜಾಗ ತೋರಿಸಿ ಕೇಳಿದರು, "ಇಲ್ಲಿ ಯಾರಾದ್ರೂ ಬರ್ತಾರಾ?"

"ಬರ್ತಾರೆ," ಎಂದುಬಿಟ್ಟೆ.