ಕಲಗಚ್ಚಿನ ಬಾನಿಗೆ ಹೋದ ಜೀವಸತ್ವ

ಕೋವಿಡ್ ವಾರ್ಡುಗಳನ್ನು ತೆರವು ಮಾಡಿ ಆಸ್ಪತ್ರೆ ಮತ್ತೆ ತನ್ನ ಹಳೆಯ ಗದ್ದಲಕ್ಕೆ ಮರಳಿದ್ದ ವರ್ಷ. ನಾನು ಆಗ ಕೋಲಾರದ ಒಂದು ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗದ ಹಿರಿಯ ವೈದ್ಯೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಹುಟ್ಟಿದ್ದು ಮುಳಬಾಗಿಲಿನ ಕಡೆ, ಹಾಗಾಗಿ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುವ ನಮ್ಮ ರೋಗಿಗಳ ಮಾತು ನನಗೆ ಮನೆಯ ಮಾತು. ಮೇಡಂಗೆ ಮೂಗಿನ ತುದೀಲೇ ಕೋಪ ಎಂದು ಸಿಸ್ಟರುಗಳು ನನ್ನ ಬೆನ್ನ ಹಿಂದೆ ಹೇಳುತ್ತಿದ್ದರು. ಸುಳ್ಳೇನಲ್ಲ. ಆದರೆ ಕೈಗೆ ಬಂದ ಮಗುವನ್ನು ಸುಲಭಕ್ಕೆ ಬಿಟ್ಟುಕೊಡುವ ಜಾಯಮಾನ ನನ್ನದಲ್ಲ, ಅದನ್ನೂ ಅವರೇ ಹೇಳುತ್ತಿದ್ದರು.

ಒಂದು ಸೋಮವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಗೌನಿಪಲ್ಲಿ ಕಡೆಯ ಹಳ್ಳಿಯಿಂದ ರೂಪಾ ಎಂಬ ಹೆಣ್ಣುಮಗಳು ತನ್ನ ಮೂರು ತಿಂಗಳ ಗಂಡುಮಗುವನ್ನು ಎತ್ತಿಕೊಂಡು ಬಂದಳು. ಜೊತೆಗೆ ಬಾಣಂತನ ಮಾಡುತ್ತಿದ್ದ ಅವಳ ತಾಯಿ ಮುನಿವೆಂಕಟಮ್ಮ. ಎದೆಹಾಲು ಬಿಟ್ಟು ಬೇರೇನೂ ಕಾಣದ ಮಗು ಎರಡು ದಿನದಿಂದ ವಾಂತಿ ಮಾಡುತ್ತಿತ್ತು, ಈಗ ಹಾಲನ್ನೂ ಬಿಟ್ಟಿತ್ತು. ಉಸಿರು ನಿಮಿಷಕ್ಕೆ ಎಪ್ಪತ್ತೆರಡು, ಹೃದಯದ ಬಡಿತ ನೂರ ತೊಂಬತ್ತು. ಯಕೃತ್ತು ಊದಿಕೊಂಡು ಪಕ್ಕೆಲುಬಿನ ಕೆಳಗೆ ನಾಲ್ಕು ಬೆರಳಷ್ಟು ಇಳಿದಿತ್ತು. ಹೃದಯ ಸೋಲುತ್ತಿದೆ ಎನ್ನುವುದಕ್ಕೆ ಇಷ್ಟು ಸಾಕು. ಜ್ವರ ಇರಲಿಲ್ಲ. ಎಕ್ಸ್-ರೇಯಲ್ಲಿ ಹೃದಯ ದೊಡ್ಡದಾಗಿ ಕಾಣುತ್ತಿತ್ತು.

ಆಕ್ಸಿಜನ್ ಹಾಕಿದೆವು. ನನ್ನ ಕಿರಿಯ ಸಹೋದ್ಯೋಗಿ ಡಾ. ಕಿರಣ್, "ಮೇಡಂ, ಇದು ಹುಟ್ಟಿನಿಂದಲೇ ಇರೋ ಹೃದಯದ ತೊಂದರೆ ಅನ್ಸುತ್ತೆ. ಆಂಬುಲೆನ್ಸ್ ರೆಡಿ ಇದೆ, ಬೆಂಗಳೂರಿಗೆ ಕಳಿಸಿಬಿಡೋಣ" ಅಂದ. ಅವನ ಮಾತು ತಪ್ಪಲ್ಲ. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿ ನೋಡುವ ಅನುಕೂಲ ಅಂದು ನಮ್ಮಲ್ಲಿ ಇರಲಿಲ್ಲ. ಆದರೆ ಬೆಂಗಳೂರು ಎಂದರೆ ಟ್ರಾಫಿಕ್ಕೂ ಸೇರಿ ಎರಡು ಗಂಟೆ. ಮಗುವಿನ ಮುಖ ನೋಡಿದರೆ ಅಷ್ಟು ಹೊತ್ತು ತಡೆಯುತ್ತದೆ ಎಂಬ ನಂಬಿಕೆ ನನಗಿರಲಿಲ್ಲ.

ಅಷ್ಟರಲ್ಲಿ ರೂಪಾ ಪ್ಲಾಸ್ಟಿಕ್ ಕವರಿನಿಂದ ಮಡಿಚಿದ ಹಳೆಯ ಚೀಟಿಯೊಂದನ್ನು ತೆಗೆದು ಕೊಟ್ಟಳು. "ಮೊದಲನೇ ಪಾಪೂಗೂ ಹಿಂಗೇ ಆಗಿತ್ತು ಮೇಡಂ. ಅದೂ ಮೂರು ತಿಂಗಳಿಗೇ. ಇಲ್ಲೇ ತೀರಿಕೊಂತು." ಚೀಟಿಯಲ್ಲಿ 'ತೀವ್ರ ನ್ಯುಮೋನಿಯಾ' ಎಂದು ಬರೆದಿತ್ತು. ಕೆಳಗಿದ್ದ ಸಹಿ ನನ್ನದು. ಕೋವಿಡ್ ಉಲ್ಬಣವಾಗಿದ್ದ ದಿನಗಳು ಅವು. ತಂದ ಒಂದು ಗಂಟೆಯೊಳಗೆ ಹೋಗಿಬಿಟ್ಟ ಮಗು ಇರಬೇಕು. ಎಷ್ಟು ಯೋಚಿಸಿದರೂ ಅದರ ಮುಖ ನನಗೆ ನೆನಪಾಗಲಿಲ್ಲ.

ಆಗ ಮಗು ಅತ್ತಿತು. ಬಾಯಿ ಪೂರ್ತಿ ತೆರೆದಿತ್ತು, ಮುಖ ಕೆಂಪಾಗಿತ್ತು, ಆದರೆ ದನಿ ಇಲ್ಲ. ಬರೀ ಗಾಳಿ. ನ್ಯುಮೋನಿಯಾ ದನಿಯನ್ನು ಹೀಗೆ ಕಸಿಯುವುದಿಲ್ಲ. ಇದು ಧ್ವನಿಪೆಟ್ಟಿಗೆಯ ನರ ಸೋತ ಗುರುತು. ಹಾಸಿಗೆಯ ಕಡೆಗೆ ತಿರುಗುವಾಗ ರೂಪಾ ಗೋಡೆ ಹಿಡಿದುಕೊಂಡಳು. ಕಾಲಿಗೇನಾಗಿದೆ ಎಂದು ಕೇಳಿದೆ. "ಜೋಮು ಹಿಡ್ದಂಗೆ ಇರ್ತದೆ ಮೇಡಂ, ಬಾಣಂತನ ಅಲ್ವಾ" ಅಂದಳು.

"ಊಟಕ್ಕೆ ಏನು ತಿಂತಿದ್ದೀಯ?"

ಉತ್ತರ ಕೊಟ್ಟವಳು ಮುನಿವೆಂಕಟಮ್ಮ. ಆ ಆತಂಕದಲ್ಲೂ ಅವಳ ದನಿಯಲ್ಲಿ ಒಂದು ಹೆಮ್ಮೆ ಇತ್ತು. "ಪಥ್ಯ ಒಂಚೂರೂ ತಪ್ಪಿಸಿಲ್ಲ ಡಾಕ್ಟ್ರಮ್ಮ. ರಾಗಿ ಮುಟ್ಟಿಸಿಲ್ಲ, ಬೇಳೆ ಮುಟ್ಟಿಸಿಲ್ಲ, ಸೊಪ್ಪೂ ಇಲ್ಲ. ಬಾಣಂತಿಗೇ ಅಂತ ಬೆಳ್ಳಗಿರೋ ಪಾಲಿಶ್ ಅಕ್ಕಿ ತರ್ಸಿದೀನಿ. ಐದು ಸಲ ತೊಳೆದು, ಗಂಜಿ ಬಸ್ದು, ಮೆಣಸಿನ ಸಾರಲ್ಲಿ ಹಾಕ್ತೀನಿ. ಮೇಲೆ ವೀಳ್ಯದೆಲೆ ಅಡಿಕೆ. ಮೊದಲನೇದಕ್ಕೂ ಹಿಂಗೇ ನೋಡ್ಕೊಂಡಿದ್ದೆ."

"ತೊಳೆದ ನೀರು, ಬಸಿದ ಗಂಜಿ ಏನು ಮಾಡ್ತೀರಿ?"

"ಕಲಗಚ್ಚಿನ ಬಾನಿಗೆ. ಹಸು ಕುಡೀತದೆ."

ಈ ರೋಗ ನನಗೆ ಗೊತ್ತಿರಲಿಲ್ಲ ಎಂದಲ್ಲ. ಓದುವ ಕಾಲದಲ್ಲಿ ಪುಸ್ತಕದ ಒಂದು ಪುಟದಲ್ಲಿ ಕಂಡು, ಪರೀಕ್ಷೆಗೆ ಬರೆದು, ಇದೆಲ್ಲ ಹಳೆಯ ಕಾಲದ್ದು ಎಂದು ಮರೆತಿದ್ದೆ. ಹೆಸರು ಬೆರಿಬೆರಿ. ಕಾರಣ ಥಯಾಮಿನ್ ಕೊರತೆ. ಥಯಾಮಿನ್ ಎಂದರೆ ಬಿ-ಒನ್ ಜೀವಸತ್ವ. ನಾವು ತಿಂದ ಅನ್ನ, ಮುದ್ದೆ ದೇಹದಲ್ಲಿ ಶಕ್ತಿಯಾಗಬೇಕಾದರೆ ಅದು ಬೇಕೇ ಬೇಕು. ಬಿಡುವಿಲ್ಲದೆ ದುಡಿಯುವ ಹೃದಯ ಮತ್ತು ನರಗಳಿಗೇ ಕೊರತೆಯ ಪೆಟ್ಟು ಮೊದಲು ಬೀಳುವುದು. ದೇಹ ಅದನ್ನು ಕೆಲವೇ ವಾರಗಳಿಗೆ ಆಗುವಷ್ಟು ಮಾತ್ರ ಕೂಡಿಟ್ಟುಕೊಳ್ಳುತ್ತದೆ. ಅಕ್ಕಿಯಲ್ಲಿ ಅದು ಇರುವುದು ಹೆಚ್ಚಾಗಿ ತೌಡಿನಲ್ಲಿ. ಪಾಲಿಶ್ ಮಾಡಿದಾಗ ತೌಡು ಗಿರಣಿಯಲ್ಲೇ ಉಳಿಯುತ್ತದೆ. ಉಳಿದಷ್ಟೂ ನೀರಿನಲ್ಲಿ ಕರಗುವಂಥದು, ತೊಳೆದರೆ ಹೋಗುತ್ತದೆ, ಬಸಿದರೂ ಹೋಗುತ್ತದೆ. ಅಡಿಕೆಯ ಒಗರು ಹೊಟ್ಟೆಗೆ ಸೇರಿದ್ದನ್ನೂ ಕೆಡಿಸುತ್ತದೆ. ತಾಯಿಯಲ್ಲಿ ಇಲ್ಲದ ಮೇಲೆ ಹಾಲಿನಲ್ಲಿ ಎಲ್ಲಿಂದ ಬರಬೇಕು? ಮನೆಯವರೆಲ್ಲ ಮುದ್ದೆ, ಹುರುಳಿ ಸಾರು ಉಂಡು ಗಟ್ಟಿಯಾಗಿದ್ದರು. ಅಕ್ಕರೆಯ ಊಟ ಉಂಡ ರೂಪಾಳಿಗೆ ಮಾತ್ರ ಕೊರತೆಯಾಗಿತ್ತು.

"ಆಂಬುಲೆನ್ಸ್ ನಿಂತಿರಲಿ, ಮೊದಲು ಥಯಾಮಿನ್ ಇಂಜೆಕ್ಷನ್" ಅಂದೆ. ಮಕ್ಕಳ ವಿಭಾಗದಲ್ಲಿ ಅದು ಇರಲಿಲ್ಲ. ದೊಡ್ಡವರ ವಾರ್ಡಿನಲ್ಲಿ, ಕುಡಿತಕ್ಕೆ ಬಿದ್ದು ಇದೇ ಕೊರತೆ ತಂದುಕೊಂಡು ದಾಖಲಾಗುವವರಿಗಾಗಿ ಇಟ್ಟಿರುತ್ತಾರೆ. ಸಿಸ್ಟರ್ ಶೋಭಾ ಓಡಿಹೋಗಿ ತಂದಳು. "ಅಲ್ಲ ಮೇಡಂ, ಕುಡುಕರ ಇಂಜೆಕ್ಷನ್ ಈ ಹಾಲುಗಲ್ಲದ ಕೂಸಿಗಾ?" ಎಂದು ಗೊಣಗುತ್ತಲೇ ಔಷಧಿ ಎಳೆದುಕೊಂಡಳು. ಕಿರಣ್ ಮೆಲ್ಲಗೆ, "ಇದಲ್ಲದೆ ಹೋದ್ರೆ ಮೇಡಂ?" ಅಂದ. "ಅಲ್ಲದೆ ಹೋದರೆ ಈ ಔಷಧಿಯಿಂದ ಮಗುವಿಗೆ ನಷ್ಟವಿಲ್ಲ, ಅರ್ಧ ಗಂಟೆ ನೋಡಿ ಕಳಿಸೋಣ. ಹೌದಾಗಿದ್ದು ಕೊಡದೆ ಕಳಿಸಿದರೆ ದಾರಿಯಲ್ಲೇ ಹೋಗುತ್ತೆ ಕಣಪ್ಪ" ಅಂದೆ. ಹತ್ತು ಮುಕ್ಕಾಲಿಗೆ ನೂರು ಮಿಲಿಗ್ರಾಂ ರಕ್ತನಾಳದ ಮೂಲಕ ನಿಧಾನವಾಗಿ ಕೊಟ್ಟೆವು. ರೂಪಾಳಿಗೂ ಒಂದು ಚುಚ್ಚಿದೆವು.

ಅರ್ಧ ಗಂಟೆಗೆ ಮಗು ಅರವತ್ತೆಂಟು ಸಲ ಉಸಿರಾಡುತ್ತಿತ್ತು. ಇಷ್ಟಕ್ಕೇ ಬೀಗುವಂತಿರಲಿಲ್ಲ, ಆದರೆ ಕಳಿಸಲು ಮನಸ್ಸು ಒಪ್ಪಲಿಲ್ಲ. ಹನ್ನೆರಡೂವರೆಗೆ ಐವತ್ತಾರು. ಬೆರಳ ತುದಿಗಳು ಬೆಚ್ಚಗಾದವು. ಮೂರು ಗಂಟೆಗೆ ನಲವತ್ನಾಲ್ಕು, ಮತ್ತು ಮಗು ಮೊಲೆಗೆ ಬಾಯಿ ಹಾಕಿತು. ಕಿರಣ್ ಆಂಬುಲೆನ್ಸ್ ಡ್ರೈವರನಿಗೆ ಫೋನು ಮಾಡಿ, "ಊಟಕ್ಕೆ ಹೋಗಪ್ಪಾ" ಅಂದ. ಶೋಭಾ ಅತ್ತೇಬಿಟ್ಟಳು. ನಾನು ಅವಳನ್ನು ಗದರಿದೆ, ಇಲ್ಲದಿದ್ದರೆ ನನಗೂ ಅಳು ಬರುತ್ತಿತ್ತು.

ಮುನಿವೆಂಕಟಮ್ಮ ಮಾತ್ರ ಹತ್ತಿರ ಬರಲಿಲ್ಲ. ನಾನು ರೂಪಾಳಿಗೆ ಊಟದ ವಿಷಯ ಬಿಡಿಸಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಿದ್ದಳು. ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದವಳು ನನ್ನನ್ನು ತಡೆದು ಕೇಳಿದಳು: "ಒಂದು ಮಾತು ಡಾಕ್ಟ್ರಮ್ಮ. ಆ ಮೊದಲನೇದು ಹೋಗಿದ್ದೂ ನನ್ನ ಕೈಯಡಿಗೆಯಿಂದಾನೇನಾ?"

ಅವಳ ಪಕ್ಕದಲ್ಲಿ ಕೂತೆ. ಇಲ್ಲ ಎನ್ನುವುದು ಸುಲಭವಿತ್ತು. ಆದರೆ ಇಲ್ಲ ಅಂದರೆ ಅವಳು ನಾಳೆಯೂ ಗಂಜಿ ಬಸಿಯುತ್ತಾಳೆ. "ಇದ್ದರೂ ಇರಬಹುದಮ್ಮ. ಈಗ ಖಚಿತವಾಗಿ ಹೇಳಕ್ಕಾಗಲ್ಲ. ನೀವು ಗೊತ್ತಿಲ್ಲದೆ ಮಾಡಿದ್ರಿ. ಆ ಮಗೂನ ನೋಡಿದ ಡಾಕ್ಟರ್ ನಾನೇ. ಓದಿಕೊಂಡಿದ್ದ ನಾನು ಅವತ್ತು ತಾಯಿ ಊಟ ಏನು ಅಂತ ಕೇಳಲೇ ಇಲ್ಲ." ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ಮಗುವಿನ ದನಿ ತಕ್ಷಣ ಬರಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ರೌಂಡ್ಸಿನಲ್ಲಿದ್ದಾಗ ಕಾರಿಡಾರಿನ ಆ ತುದಿಗೂ ಕೇಳುವಂತೆ ಕಿರುಚಿತು. ಮಾರನೆಯ ದಿನ ಮನೆಗೆ ಕಳಿಸಿದೆವು. ಬೆಂಗಳೂರಿನಲ್ಲಿ ಆಮೇಲೆ ಮಾಡಿಸಿದ ಎಕೋ ಕೂಡ ಸರಿಯಾಗಿಯೇ ಬಂತು. ಅಂದಿನಿಂದ ನಿವೃತ್ತಿಯ ದಿನದವರೆಗೆ, ಎಳೆಗೂಸು ಏದುಸಿರಿನಲ್ಲಿ ಬಂದರೆ ಕೈ ಒಂದು ಕಡೆ ಆಕ್ಸಿಜನ್ ಹಾಕುತ್ತಿರುವಾಗಲೇ ನನ್ನ ಬಾಯಿ ತಾಯಿಯ ಊಟ ಕೇಳುತ್ತಿತ್ತು. ಯಂತ್ರಕ್ಕೆ ಸಿಗದ ಕಾರಣ ಅಡುಗೆಮನೆಯಲ್ಲಿ ಇರಬಹುದು, ಕೇಳಿದರೆ ಜನ ಹೇಳುತ್ತಾರೆ. ವೃತ್ತಿ ನನಗೆ ಕಲಿಸಿದ್ದು ಇಷ್ಟೇ, ಅದನ್ನೂ ತಡವಾಗಿ ಕಲಿತೆ.

ತಿಂಗಳ ನಂತರ ತಪಾಸಣೆಗೆ ಬಂದಾಗ ಮುನಿವೆಂಕಟಮ್ಮ ತನ್ನೂರಿನ ಇನ್ನೊಬ್ಬ ಬಾಣಂತಿಯನ್ನೂ ಎಳೆದುಕೊಂಡು ಬಂದಿದ್ದಳು. ಊರಿನ ಅರ್ಧ ಬಾಣಂತನಗಳು ಅವಳ ಮಾತಿನ ಮೇಲೇ ನಡೆಯುತ್ತವೆ ಎಂಬುದು ನನಗೆ ತಿಳಿದದ್ದು ಆಗಲೇ. ಆ ಹುಡುಗಿ, ಮುದ್ದೆ ತಿಂದರೆ ಪಾಪುವಿಗೆ ಹೊಟ್ಟೆನೋವು ಬರುತ್ತದೆಂದು ಅತ್ತೆ ಹೇಳಿದ್ದಾರೆ ಎಂದು ಸಣ್ಣಗೆ ರಾಗ ಎಳೆದಳು. ನಾನು ಬಾಯಿ ತೆರೆಯುವ ಮೊದಲೇ ಮುನಿವೆಂಕಟಮ್ಮ ಮೊಮ್ಮಗನನ್ನು ಸೊಂಟಕ್ಕೆ ಏರಿಸಿಕೊಂಡು ಗದರಿದಳು:

"ನಿಮ್ಮತ್ತೇನ ನನ್ನತ್ರ ಕಳ್ಸು. ಮುದ್ದೆ ತಿನ್ನು, ಬೇಳೆ ತಿನ್ನು, ಗಂಜಿ ಮಾತ್ರ ಬಸೀಬೇಡ ಕಣೇ. ಬಸ್ದೋಳು ನಾನು, ಕೇಳ್ದೆ ಹೋದೋರು ಈ ಡಾಕ್ಟ್ರಮ್ಮ. ಇಬ್ರೂ ಸೇರಿ ಒಂದು ಮಗೂನ ಕಳ್ಕೊಂಡಿದೀವಿ."