ಎರಡನೇ ರಿಮೋಟ್ ಯಾರಿಗೆ?

ಗೆಳೆಯರೇ, ಇವತ್ತು ಹಳೆಯ ವಿಡಿಯೋ ಗೇಮ್ ಆಡುವ ಕೈಯಂತ್ರ ಕೊಳ್ಳಲು ಗಂಡನ ಜೊತೆ ಅಣ್ಣಿಗೇರಿಯ ಮೊಬೈಲ್ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಅಂಗೈಯಗಲದ್ದೊಂದನ್ನು ತೋರಿಸಿ, "ಇದನ್ನ ಒಯ್ರಿ, ಚೀಲದಾಗ ಕುಂದರತೈತಿ" ಎಂದರು.

"ಇದಕ್ಕ ಎರಡನೇ ರಿಮೋಟ್ ಹಚ್ಚಾಕ ಬರತೈತೇನ್ರಿ?"

"ಇಲ್ರಿ. ಅದಕ್ಕ ದೊಡ್ಡದ ಬೇಕು."

ದೊಡ್ಡದನ್ನೇ ಆರಿಸಿದೆ. ಚಿಕ್ಕಂದಿನಲ್ಲಿ ನಾನೂ ನನ್ನ ಶಾಂತಕ್ಕನೂ ಟ್ಯಾಂಕ್ ಆಟವನ್ನು ಜೋಡಿಯಾಗಿಯೇ, ಒಂದೇ ಪಕ್ಷದಲ್ಲಿ ನಿಂತು ಆಡುತ್ತಿದ್ದೆವು. ಅವಳು ತೀರಿಕೊಂಡು ಎರಡು ವರ್ಷವಾಯಿತು.

"ಯಾರ ಜೋಡಿ ಆಡತಿ?" ಗಂಡ ಕೇಳಿದರು.

"ನಿಮ್ಮ ಜೋಡಿ."

"ನನಗ ಬರೂದಿಲ್ಲ."

"ಕಲೀರಿ."

ಸಂಜೆ, ದೊಡ್ಡದೆಂದರೂ ಸಣ್ಣದೇ ಆದ ಆ ಪರದೆಯ ಮುಂದೆ ತಲೆಗೆ ತಲೆ ತಾಗಿಸಿ ಕೂತೆವು. ಮಹಾಶಯರು ಮೊದಲ ಗುಂಡನ್ನೇ ನನ್ನ ಟ್ಯಾಂಕಿಗೆ ಹೊಡೆದರು.

"ಏ ಶಾಂತಕ್ಕಾ, ನೋಡಿ ಹೊಡಿಬೇ!" ಎಂದುಬಿಟ್ಟೆ.

ಗಂಡ ರಿಮೋಟ್ ಕೆಳಗಿಡಲಿಲ್ಲ. "ಹೂಂ, ನೋಡಿ ಹೊಡಿತೀನಿ" ಎಂದರು.

ಹಾಗೆಂದು ಮತ್ತೆ ನನಗೇ ಹೊಡೆದರು.