ಪುರುಡಿಗೆ ಉಳಿದ ಮಂದೆ

ಮೊಮ್ಮಗಳು ಹುಟ್ಟಿದಳು. ಬಿಸಿಲೇರುವ ಮೊದಲೇ ಸೊಸೆಗೆ ಸಲೀಸಾಗಿ ಹೆರಿಗೆಯಾಯಿತು. ತಲೆ ತುಂಬ ಕೂದಲು, ಮೂಗು ನಮ್ಮ ಯಜಮಾನರದು, ದನಿ ಮಾತ್ರ ಅಜ್ಜಿಯಾದ ನನ್ನದೇ ಎಂದು ಸೂಲಗಿತ್ತಿ ನಕ್ಕಳು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೆಲ್ಲದ ಚೂರು ಹಿಡಿದು ಅಂಗಳಕ್ಕೆ ಓಡಿದರೆ, ಮಗ ಕುರಿಹಟ್ಟಿಯ ಬಾಗಿಲು ತೆಗೆದು ನಿಂತಿದ್ದ. ಪಕ್ಕದಲ್ಲಿ ಶ್ರೀರಾಂಪುರದ ಕುರಿ ವ್ಯಾಪಾರಿ.

ಅದು ಸಾವಿರದ ಒಂಬೈನೂರ ಎಪ್ಪತ್ತೈದನೇ ಇಸವಿಯ ಸುಮಾರು ಇರಬೇಕು. ಊರ ಹಿಂದಿನ ಗುಡ್ಡದ ಕಾಡು ನಮ್ಮ ಕಣ್ಣೆದುರೇ ಬೋಳಾಗಿತ್ತು. ಕಮರ, ಕಗ್ಗಲಿ, ಕಾರೆ ಪೊದೆ, ಎಲ್ಲ ಬೇರು ಸಮೇತ ಕಿತ್ತು ಶೇಂಗಾ ಬಿತ್ತಿದರು. ಎಣ್ಣೆ ತೆಗೆದು ಉಳಿದ ಹಿಂಡಿ ಚಿತ್ರದುರ್ಗದ ಮಿಲ್ಲಿನಿಂದ ಬಂದರಿಗೆ, ಅಲ್ಲಿಂದ ಹಡಗಿನಲ್ಲಿ ಪರದೇಶದ ಹಸುಗಳಿಗೆ ಹೋಗುತ್ತದೆಂದು ಲಾರಿಯವನೊಬ್ಬ ಹೇಳಿದ್ದ. ಆ ಹಸುಗಳ ಹೊಟ್ಟೆ ತುಂಬಲಿ, ಬೇಡವೆನ್ನುವುದಿಲ್ಲ. ನಮ್ಮ ಕುರಿಗಳು ಮಾತ್ರ ಅಭ್ಯಾಸಬಲದಿಂದ ಅದೇ ಗುಡ್ಡಕ್ಕೆ ಹೋಗಿ, ಬೇಲಿಯ ಈಚೆ ಮಣ್ಣು ಮೂಸಿ ಬರುತ್ತಿದ್ದವು. ಕೆಚ್ಚಲು ಬತ್ತಿ ಮರಿಗಳು ಒಂದೊಂದಾಗಿ ಸತ್ತವು. ಮಗ ಸೋತುಹೋಗಿ, ಇಡೀ ಮಂದೆಯನ್ನೇ ಕಟುಕರಿಗೆ ಕೊಡಲು ಮಾತಾಡಿಬಿಟ್ಟಿದ್ದ.

ನಮ್ಮ ಮನೆತನದಲ್ಲಿ ಕೂಸು ಹುಟ್ಟಿದರೆ ಪುರುಡಿನ ಸೂತಕ ಕಳೆದು ತೊಟ್ಟಿಲಿಗೆ ಹಾಕುವ ತನಕ ಹಟ್ಟಿಯ ಯಾವ ಜೀವವನ್ನೂ ಮಾರುವಂತಿಲ್ಲ. ನಾನು ಬಾಗಿಲಿಗೆ ಅಡ್ಡ ನಿಂತೆ.

"ಮನ್ಯಾಗೆ ಪುರುಡು ಐತೆ. ಕುರಿ ಕೊಡಂಗಿಲ್ಲಪ್ಪ. ಬೆಲ್ಲ ತಿನ್ನು."

"ಪುರುಡು ನಿಮಗೈತೆ ಕಣಮ್ಮ, ಕುರಿಗಲ್ಲ," ಅಂದ ವ್ಯಾಪಾರಿ.

"ಕುರಿ ಬಿಟ್ರೆ ನಾವ್ಯಾರಪ್ಪ?"

"ಆಯ್ತು ಬಿಡ್ರಿ. ಪುರುಡು ಕಳ್ಯೋ ಹೊತ್ಗೆ ಬರೀ ತೊಗಲು ಹೊತ್ಕಂಡು ಹೋಗ್ತೀನಿ." ಬೆಲ್ಲ ಬಾಯಿಗೆ ಹಾಕಿಕೊಂಡೇ ಹೋದ.

ಅವನ ಮಾತು ಸುಳ್ಳಾಗಿರಲಿಲ್ಲ. ಮಗ ನನ್ನ ಮೇಲೆ ರೇಗಲೂ ಇಲ್ಲ. "ಅವ್ವಾ, ಮೇಸೋದು ಎಲ್ಲಿ ಹೇಳು," ಅಂದ. ಒಳಗೆ ಕೂಸು ಅಳುತ್ತಿತ್ತು, ಹೊರಗೆ ಕುರಿಗಳು ಅರಚುತ್ತಿದ್ದವು. ಖುಷಿಗೆ ಅಳುತ್ತಿದ್ದೆನೋ ದುಃಖಕ್ಕೋ, ಸೆರಗು ಒದ್ದೆಯಾಯಿತು.

ಸಂಜೆ ಬಾಣಂತಿಯ ಕೋಣೆಯ ಬಾಗಿಲ ಮುಂದೆಯೇ ಎಲ್ಲರಿಗೂ ತಟ್ಟೆ ಹಾಕಿದೆ. ಒಳಗೆ ಸೊಸೆಗೆ ಬಿಸಿ ಅನ್ನ, ಮೆಣಸಿನ ಸಾರು. ನಮಗೆ ಮುದ್ದೆ, ಹುರುಳಿ ಸಾರು. ಮಗ ಮುದ್ದೆ ಮುರಿಯುತ್ತ, "ನಾಳೆ ಮಂದೆ ಹೊಳಲ್ಕೆರೆ ಗುಡ್ಡದ ಕಡಿಗೆ ಹೊಡೀತೀನಿ. ಅಲ್ಲೂ ಕಾಡು ಕಡೀತಾ ಅವ್ರಂತೆ. ಕಡ್ಯೋದ್ರೊಳಗೆ ಎಷ್ಟು ಮೇಯ್ತಾವೋ ಮೇಯ್ಲಿ," ಅಂದ.

"ಮಗಳ ಮಕ ನೋಡ್ಕಂಡು ಹೋಗು," ಅಂದಳು ಸೊಸೆ ಒಳಗಿಂದ.

ಯಜಮಾನರು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟರು. ಎಲ್ಲರೂ ಕೂತು ಉಂಡೆವು.